ಕಿರುಬೆರಳಿನ ನೇರಳೆ ಮಸಿ

ಆಗೆಲ್ಲ ನಮ್ಮೂರಲ್ಲಿ ಮಗುವಿಗೆ ಲಸಿಕೆ ಹಾಕಿಸಿದ್ದಕ್ಕೆ ಕಾಗದ ತೋರಿಸಿ ಅಂತ ಕೇಳುವವರು ಯಾರೂ ಇರಲಿಲ್ಲ. ಎಡತೋಳಿನ ಮೇಲೆ ಕಾಸಿನಗಲ ಕಲೆಯಿದ್ದರೆ ಸೂಜಿ ಚುಚ್ಚಿಸಿದ್ದಾರೆ ಅಂತ ಅರ್ಥ. ಎಡಗೈ ಕಿರುಬೆರಳಿನ ಉಗುರಿನ ಮೇಲೆ ಮಸಿಯಿದ್ದರೆ ಪೋಲಿಯೊ ಹನಿ ಹಾಕಿಸಿದ್ದಾರೆ ಅಂತ ಅರ್ಥ. ದಾಖಲೆ ಮೈಮೇಲೇ ಇರುತ್ತಿತ್ತು. ಆಸ್ಪತ್ರೆಯವರು ಕೊಟ್ಟ ಕಾರ್ಡೊಂದು ನನ್ನ ಹೆಸರಿನಲ್ಲೂ ಇತ್ತಂತೆ. ಅಮ್ಮ ಅದನ್ನು ಜಾತಕದ ಜೊತೆ ಮಡಿಸಿ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಒಂದು ಮಳೆಗಾಲದಲ್ಲಿ ಗೆದ್ದಲು ಎರಡನ್ನೂ ತಿಂದು ಹಾಕಿತು. ಅಮ್ಮ ಜಾತಕಕ್ಕೆ ಮಾತ್ರ ಅತ್ತಳು. ನನ್ನನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಾಡಿಸಿದ ಪರೀಕ್ಷೆ ಒಂದೇ: ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದೆ, ಸೇರಿಸಿಕೊಂಡರು.

ನಾನು ಹೇಳಹೊರಟಿರುವುದು ನನಗೆ ಒಂಬತ್ತು ವರ್ಷವಾಗಿದ್ದಾಗಿನ ಮಾತು. ಹಾರನಹಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ಡಿಸೆಂಬರ್ ತಿಂಗಳು. ಹೊಲದಲ್ಲಿ ರಾಗಿ ಕೊಯ್ಲು, ಮನೆಯಲ್ಲಿ ಮೂರು ಹೊತ್ತೂ ಅವರೆಕಾಯಿ. ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ಸಂಜೆ ಬಾಯಾಡಿಸಲು ಹುರಿದ ಕಾಳು. ಕೈ ಎಷ್ಟು ತೊಳೆದರೂ ಬೆರಳಿಗೆ ಅವರೆಯ ಸೊಗಡು ಅಂಟಿಕೊಂಡೇ ಇರುತ್ತಿತ್ತು. ಆ ವಾಸನೆಯಲ್ಲೇ ಪೋಲಿಯೊ ಭಾನುವಾರವೂ ಬರುತ್ತಿತ್ತು.

ಹಿಂದಿನ ದಿನ, ಶನಿವಾರ, ಶಾಲೆಯಿಂದ ಜಾಥಾ. ಮೇಷ್ಟ್ರು ಮುಂದೆ ಹೇಳಿದ್ದನ್ನು ನಾವು ಹಿಂದೆ ಕೂಗಿಕೊಂಡು ಮೂರು ಬೀದಿ ಸುತ್ತಿದರೆ ಕೊನೆಗೆ ತಲೆಗೊಂದು ಪೆಪ್ಪರಮೆಂಟು. ಊರಿಗೆಲ್ಲ ಕೂಗಿ ಹೇಳುವುದು ನಾವು, ಹನಿ ಹಾಕಿಸಿಕೊಳ್ಳುವುದು ಮಾತ್ರ ಐದು ವರ್ಷದೊಳಗಿನವರು. ನನಗೆ ಅದೊಂದು ಹೊಟ್ಟೆಯುರಿ. ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡ ಚಿಳ್ಳೆಪಿಳ್ಳೆಗಳು ಕೈ ಮೇಲೆತ್ತಿಕೊಂಡು ಓಡಾಡುವುದನ್ನು ನೋಡಿದರೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಹಾಗಂತ ಆ ಹನಿ ಯಾಕೆ ಅನ್ನುವುದು ಗೊತ್ತಿಲ್ಲದವಳೇನಲ್ಲ. ಊರಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನಮ್ಮ ಮನೆಯವರಿಗೆ ಗೊತ್ತಿತ್ತು. ನನ್ನ ಚಿಕ್ಕಪ್ಪ ನಂಜುಂಡನಿಗೆ ಮೂರು ವರ್ಷದವನಿದ್ದಾಗ ಪೋಲಿಯೊ ಬಂದು ಎಡಗಾಲು ಹೋಗಿತ್ತು. ಕಾಲು ಇತ್ತು, ಬಲ ಇರಲಿಲ್ಲ. ಎಡಗೈಯನ್ನು ಮೊಣಕಾಲಿನ ಮೇಲೆ ಊರಿ, ಪ್ರತಿ ಹೆಜ್ಜೆಗೂ ಕಾಲನ್ನು ಕೈಯಿಂದಲೇ ನಿಲ್ಲಿಸಿಕೊಂಡು ನಡೆಯುತ್ತಿದ್ದ. ಅಂಥವನು ಇಟ್ಟುಕೊಂಡಿದ್ದು ಸೈಕಲ್ ಶಾಪು. ಅರಳಿಕಟ್ಟೆಯ ಪಕ್ಕ ತಗಡಿನ ಅಂಗಡಿ, ಒಂದು ಪಂಪು, ಪಂಕ್ಚರ್ ನೋಡಲು ನೀರಿನ ಬಾನಿ.

ಸೈಕಲ್ಲನ್ನು ರಿಪೇರಿ ಮಾಡುವುದಷ್ಟೇ ಅಲ್ಲ, ಹೊಡೆಯುತ್ತಲೂ ಇದ್ದ. ಬಲಗಡೆ ಪೆಡಲಿಗೆ ಹಳೇ ಟ್ಯೂಬಿನ ಪಟ್ಟಿ ಕಟ್ಟಿ ಪಾದ ಅದರೊಳಗೆ ತೂರಿಸಿಕೊಂಡರೆ, ಅದೇ ಕಾಲಲ್ಲಿ ತುಳಿಯಬಹುದು, ಅದೇ ಕಾಲಲ್ಲಿ ಎಳೆಯಬಹುದು. ಎಡಗಾಲು ಸುಮ್ಮನೆ ಜೋತಾಡುತ್ತಿತ್ತು. ತೊಂದರೆಯೆಲ್ಲ ಹತ್ತುವುದರಲ್ಲಿ. ಹತ್ತಬೇಕಾದರೆ ಅವನಿಗೊಂದು ಎತ್ತರದ ಕಲ್ಲು ಬೇಕು. ಅಂಗಡಿ ಮುಂದೆ ತಾನೇ ಒಂದು ಚಪ್ಪಡಿ ನೆಡಿಸಿಕೊಂಡಿದ್ದ. ಉಳಿದ ಕಡೆ ಎಲ್ಲೆಲ್ಲಿ ಅಂಥ ಕಲ್ಲಿದೆ ಅನ್ನುವುದು ಅವನಿಗೆ ಬಾಯಿಪಾಠ. ಗುಡಿ ಮುಂದಿನ ಮೆಟ್ಟಿಲು, ಮೋರಿ ದಿಂಡು, ರಸ್ತೆ ಬದಿಯ ಮೈಲಿಗಲ್ಲು. ಕಲ್ಲಿಲ್ಲದ ಕಡೆ ಅವನು ಇಳಿಯುತ್ತಲೇ ಇರಲಿಲ್ಲ. ಮಾತಾಡಿಸಬೇಕಾದವರು ಸೈಕಲ್ ಜೊತೆ ಓಡಿಕೊಂಡು ಮಾತಾಡಿಸಬೇಕಿತ್ತು.

ನಮ್ಮ ಎದುರು ಮನೆ ಕೆಂಚಜ್ಜಿಯದು. ಮಗಳು ಅಳಿಯ ಇಬ್ಬರೂ ದೀಪಾವಳಿ ಮುಗಿಸಿಕೊಂಡು ಕಾಫಿ ಹಣ್ಣು ಕೀಳಲು ಬಿಕ್ಕೋಡಿನ ಕಡೆ ಎಸ್ಟೇಟಿಗೆ ಹೋಗಿದ್ದರು. ಎರಡು ವರ್ಷ ತುಂಬದ ಮೊಮ್ಮಗಳು ರತ್ನ ಅಜ್ಜಿಯ ಹತ್ತಿರ. ಅಜ್ಜಿಗೋ ಕೊಯ್ಲಿನ ಕೂಲಿ ಬಿಡುವ ಹಾಗಿಲ್ಲ. ಹಾಗಾಗಿ ರಜೆಯ ದಿನ ರತ್ನ ನನ್ನ ಪಾಲು. ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದೆ. ಸಂಜೆ ಅಜ್ಜಿ ಬಂದು ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಹುರಿದ ಅವರೆಕಾಳು ಕೊಡುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆ ಕುಡುಗೋಲು ಹಿಡಿದುಕೊಂಡೇ ಅಜ್ಜಿ ನಮ್ಮ ಜಗಲಿಗೆ ಬಂದಳು.

"ಸುಮಿ, ಅಂಗನವಾಡೀಲಿ ಇವತ್ತು ಹನಿ ಹಾಕ್ತಾರಂತೆ. ನಂಗೆ ಕೊಯ್ಲು ಐತೆ. ಮಗೀನ ಎತ್ಕೊಂಡೋಗಿ ಹಾಕ್ಸ್ಕೊಂಡು ಬಾರವ್ವ."

"ಆಯ್ತಜ್ಜಿ."

"ಮರೀಬ್ಯಾಡ. ಅವ್ರವ್ವ ಹೋಗೋವಾಗ ಹೇಳಿ ಹೋಗವ್ಳೆ."

ಮರೆಯಲಿಲ್ಲ. ಗೆಳತಿ ಪದ್ಮನನ್ನೂ ಕರೆದುಕೊಂಡು ಹತ್ತು ಗಂಟೆಗೇ ಹೋದೆ. ಅಲ್ಲಿ ಸಾಲು ಬಾಗಿಲಿನಿಂದ ಹೊಂಗೆಮರದವರೆಗೆ ಇತ್ತು. ಸಾಲಿನಲ್ಲಿ ನಿಲ್ಲುವ ಬದಲು ನಾನು ಕಿಟಕಿಯ ಹತ್ತಿರ ನಿಂತು ನರ್ಸಮ್ಮನ ಕೈಯನ್ನೇ ನೋಡುತ್ತಿದ್ದೆ. ನೀಲಿ ಡಬ್ಬದ ಮುಚ್ಚಳ ತೆಗೆಯುವುದು, ಒಳಗೆ ಐಸು, ಐಸಿನ ನಡುವಿನಿಂದ ಪುಟ್ಟ ಸೀಸೆ, ಮಗುವಿನ ಕೆನ್ನೆ ಒತ್ತಿ ಎರಡು ಹನಿ, ಬೆರಳಿಗೆ ಮಸಿ. ನೋಡುತ್ತ ನೋಡುತ್ತ ಅದೆಲ್ಲ ನನಗೂ ಬರುತ್ತೆ ಅನ್ನಿಸಿಬಿಟ್ಟಿತು. ಅಷ್ಟರಲ್ಲಿ ರತ್ನ ಹೆಗಲ ಮೇಲೇ ನಿದ್ದೆ ಹೋದಳು. ಸಂಜೆವರೆಗೂ ಹಾಕುತ್ತಾರಲ್ಲ, ಎದ್ದ ಮೇಲೆ ಬಂದರಾಯಿತು ಅಂತ ಮನೆಗೆ ತಂದು ಜಗಲಿ ಮೇಲೆ ಮಲಗಿಸಿದೆ.

ಆಮೇಲೆ ಶುರುವಾಗಿದ್ದು ಪೋಲಿಯೊ ಆಟ. ನಾನು ನರ್ಸಮ್ಮ, ಪದ್ಮ ಅಂಗನವಾಡಿ ಟೀಚರು. ಅವಳ ಊಟದ ಡಬ್ಬಿಗೆ ತಣ್ಣೀರು ತುಂಬಿ ಐಸಿನ ಪೆಟ್ಟಿಗೆ ಮಾಡಿದೆವು. ಖಾಲಿಯಾಗಿದ್ದ ಕಣ್ಣಿನ ಔಷಧಿ ಸೀಸೆಗೆ ಬೆಲ್ಲದ ನೀರು. ಮಸಿಯದ್ದೇ ಯೋಚನೆಯಾಯಿತು. ಪೆನ್ನಿನ ಇಂಕು ಹಚ್ಚಿದರೆ ಒರೆಸಿ ಹೋಗುತ್ತಿತ್ತು. ಆಗ ನೆನಪಾಗಿದ್ದು ನೇರಳೆ ಔಷಧಿ. ನೊಗ ಉಜ್ಜಿ ಎತ್ತಿನ ಹೆಗಲು ಹುಣ್ಣಾಗಿತ್ತು ಅಂತ ಅಪ್ಪ ದನದ ಆಸ್ಪತ್ರೆಯಿಂದ ತಂದು ಕೊಟ್ಟಿಗೆಯ ಗೂಡಿನಲ್ಲಿಟ್ಟಿದ್ದರು. ಒಂದು ಸಲ ಹತ್ತಿದರೆ ವಾರಗಟ್ಟಲೆ ಹೋಗದ ಬಣ್ಣ. ಕಡ್ಡಿಗೆ ಹತ್ತಿ ಸುತ್ತಿ ಅದ್ದಿ ನೋಡಿದೆ. ನರ್ಸಮ್ಮನ ಮಸಿಗೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನಗಾದ ಸಂತೋಷ ಹೇಳತೀರದು.

ಬೆಲ್ಲದ ನೀರು ಅಂದಮೇಲೆ ಮಕ್ಕಳನ್ನು ಕರೆಯಬೇಕೇ. ಬೀದಿಯ ಆರು ಮಕ್ಕಳು ಬಂದು ಬಾಯಿ ತೆರೆದವು. ಒಂದೊಂದರ ಹೆಸರನ್ನೂ ಪದ್ಮ ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೆಸರು, ವಯಸ್ಸು, ಅತ್ತರೋ ಇಲ್ಲವೋ. ಗಲಾಟೆಗೆ ರತ್ನ ಎದ್ದು ಕೂತು ರಾಗ ತೆಗೆದಳು. ಅವಳಿಗೂ ಎರಡು ಹನಿ ಬೆಲ್ಲದ ನೀರು, ಅವಳ ಕಿರುಬೆರಳಿಗೂ ಮಸಿ. ಏಳನೇ ಹೆಸರು: ರತ್ನ, ಒಂದೂಮುಕ್ಕಾಲು, ಅತ್ತಳು.

ಆಟ ಮುಗಿಸಿ, ರಾಗಿ ಹೊರೆ ಹೊತ್ತು ಬಂದ ಗಾಡಿಯ ಹಿಂದೆ ನೇತಾಡಿ, ಕಣದಲ್ಲಿ ಮೆದೆ ಹತ್ತಿ ಜಾರಿ, ಹುಲ್ಲಿನ ತುರಿಕೆ ಕೆರೆದುಕೊಳ್ಳುತ್ತ ರತ್ನನನ್ನು ಎತ್ತಿಕೊಂಡು ಅಂಗನವಾಡಿಗೆ ಹೋದರೆ ಬೀಗ ಹಾಕಿತ್ತು. ಗೋಡೆಗೆ ಕಟ್ಟಿದ್ದ ಹಳದಿ ಬಟ್ಟೆಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತು ರತ್ನನ ಬೆರಳು ನೋಡಿದೆ. ಬೆಳಿಗ್ಗೆ ನಿಜವಾದ ಹನಿ ಹಾಕಿಸಿಕೊಂಡವರ ಬೆರಳು ಹೇಗಿತ್ತೋ ಹಾಗೇ ಇತ್ತು.

ಸಂಜೆ ಅಜ್ಜಿಯೂ ಮೊದಲು ನೋಡಿದ್ದು ಬೆರಳನ್ನೇ.

"ಹಾಕ್ಸ್ದ್ಯಾ?"

"ಹೂಂ."

ಆ ಹೂಂ ಅನ್ನುವುದಕ್ಕೆ ನಾನು ಬಾಯಿ ಕೂಡ ತೆರೆಯಲಿಲ್ಲ.

"ನಿನ್ ಹೊಟ್ಟೆ ತಣ್ಣಗಿರ್ಲಿ ಕಣವ್ವ," ಅಂತ ಅಜ್ಜಿ ಅವತ್ತು ಎರಡು ಹಿಡಿ ಕಾಳು ಕೊಟ್ಟಳು. ತಿಂದೆ. ಗಂಟಲಲ್ಲಿ ಸಿಕ್ಕಿಕೊಂಡಿತು ಅಂತ ಬರೆದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಇಳಿಯಿತು.

ಸೋಮವಾರ ನಾವು ಶಾಲೆಯಲ್ಲಿದ್ದಾಗ ನರ್ಸಮ್ಮ ಮನೆ ಮನೆಗೆ ಬಂದು ಬಿಟ್ಟುಹೋದ ಮಕ್ಕಳನ್ನು ಹುಡುಕಿದ್ದರು. ಹಾಕಿಸಿದ ಮನೆಯ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಪಿ ಅಕ್ಷರ ಬರೆದು ಹೋಗುವುದು ಪದ್ಧತಿ. ಸಂಜೆ ಬಂದು ನೋಡಿದರೆ ಕೆಂಚಜ್ಜಿಯ ಗೋಡೆಯ ಮೇಲೂ ದುಂಡಗೆ ಒಂದು ಪಿ. "ಬೆರಳು ತೋರಿಸ್ದೆ. ಮಸಿ ಚೆನ್ನಾಗಿ ಹತ್ತೈತೆ ಅಂದ್ರು," ಅಂದಳು ಅಜ್ಜಿ. ಮುಂದಿನ ತಿಂಗಳು ಹೇಗೂ ಇನ್ನೊಂದು ಸಲ ಬರುತ್ತಾರೆ, ಆಗ ನಾನೇ ಎತ್ತಿಕೊಂಡು ಹೋಗಿ ಹಾಕಿಸುತ್ತೇನೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕಳ್ಳನಿಗೊಂದು ಪಿಳ್ಳೆ ನೆವ.

ಮಂಗಳವಾರ ಬೆಳಿಗ್ಗೆ ಅಮ್ಮ ನನ್ನ ಜಡೆ ಹೆಣೆಯುತ್ತಿದ್ದಾಗ ಅಜ್ಜಿ ಬಂದಳು.

"ಯಾಕೋ ಮಗೀಗೆ ಮೈ ಬಿಸಿ ಐತೆ ಕಣವ್ವ."

"ಹನಿ ಹಾಕ್ಸಿದ್ದಕ್ಕಿರಬೇಕು ಬಿಡಜ್ಜಿ," ಅಂದಳು ಅಮ್ಮ. "ಸೂಜಿ ಹಾಕ್ಸಿದ್ರೂ ಹಂಗೇ ಬರಲ್ವಾ?"

ಜಡೆ ಅಮ್ಮನ ಕೈಯಲ್ಲಿದ್ದುದರಿಂದ ನಾನು ತಲೆ ತಿರುಗಿಸುವ ಹಾಗಿರಲಿಲ್ಲ. ಹನಿ ಹಾಕಿಸಿದ್ದಕ್ಕೆ ಬಂದ ಜ್ವರ ಅದಲ್ಲ ಅನ್ನುವುದು ಆ ಜಗಲಿಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಚಿಕ್ಕಪ್ಪನ ಕಾಲಿನ ಕಥೆ ಶುರುವಾಗುತ್ತಿದ್ದದ್ದೂ ಜ್ವರದಿಂದಲೇ. ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಶಾಲೆಗೆ ಹೋಗಲಿಲ್ಲ, ನೆಟ್ಟಗೆ ಸೈಕಲ್ ಶಾಪಿಗೆ ಹೋದೆ. ಚಿಕ್ಕಪ್ಪ ಬಾನಿಯ ನೀರಲ್ಲಿ ಟ್ಯೂಬು ಅದ್ದಿ ಗುಳ್ಳೆ ನೋಡುತ್ತಿದ್ದ.

"ಚಿಕ್ಕಪ್ಪ, ನಿಂಗೆ ಜ್ವರ ಬಂದು ಎಷ್ಟು ದಿನಕ್ಕೆ ಕಾಲು ಹೋಯ್ತು?"

"ಸೋಮವಾರ ಅಪ್ಪನ ಜೊತೆ ನಡ್ಕೊಂಡೇ ಹೊಲಕ್ಕೆ ಹೋಗಿದ್ನಂತೆ. ಸಂಜೆ ಜ್ವರ. ಗುರುವಾರ ಏಳಾಕ್ ಹೋದ್ರೆ ಕಾಲು ಏಳಲಿಲ್ಲ." ಟ್ಯೂಬಿನ ಮೇಲಿನ ಕಣ್ಣು ತೆಗೆಯದೆ ಹೇಳಿದ. "ಯಾಕೆ?"

ಎಲ್ಲ ಹೇಳಿಬಿಟ್ಟೆ. ಬೆಲ್ಲದ ನೀರು, ಎತ್ತಿನ ಔಷಧಿ, ಹೂಂ ಅಂದದ್ದು, ಗೋಡೆಯ ಮೇಲಿನ ಪಿ. ಹೇಳುತ್ತ ಅಳು ಬಂತು, ಅಳುತ್ತಲೇ ಹೇಳಿದೆ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಟ್ಯೂಬನ್ನು ಬಾನಿಯಲ್ಲೇ ಬಿಟ್ಟು ಕೈ ಒರೆಸಿಕೊಂಡ.

"ಅಜ್ಜಿಗೆ ಹೇಳ್ದ್ಯಾ?"

"ಇಲ್ಲ."

"ನಡಿ. ಆ ನೋಟ್‌ಬುಕ್ ಎಲ್ಲೈತೆ?"

"ಚೀಲದಾಗೈತೆ. ಮುಂದಿನ ತಿಂಗಳು ಮತ್ತೆ ಬತ್ತಾರಲ್ಲ ಚಿಕ್ಕಪ್ಪ?"

"ಬತ್ತಾರೆ," ಅಂದ. "ಅಲ್ಲೀಗಂಟ ಈ ತಿಂಗಳು ಅಂತ ಒಂದೈತಲ್ಲ, ಅದನ್ನ ಏನ್ ಮಾಡ್ತೀಯ?"

ಕೆಂಚಜ್ಜಿ ಅವತ್ತು ಕೂಲಿಗೆ ಹೋಗದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಚಿಕ್ಕಪ್ಪ ಬಾಗಿಲ ಹೊರಗೇ ನಿಂತು ನನ್ನನ್ನು ಮುಂದೆ ತಳ್ಳಿದ. "ನೀನೇ ಹೇಳು," ಅಂದ. ಹೇಳಿದೆ. ಅಜ್ಜಿ ರತ್ನನ ಬೆರಳು ಹಿಡಿದು ತಿರುಗಿಸಿ ನೋಡಿದಳು, ಸೆರಗಿನಿಂದ ಉಜ್ಜಿದಳು. ಹೋಗಲಿಲ್ಲ.

"ನಿನ್ನ ನಂಬಿ ಬಿಟ್ಟೋಗಿದ್ದೆ ಕಣೇ," ಅಂದಳು. ಅಷ್ಟೇ. ಆಮೇಲೆ ಬಂದ ಎಷ್ಟೋ ಬೈಗುಳ ಮರೆತಿದ್ದೇನೆ, ಇದನ್ನು ಮರೆತಿಲ್ಲ.

ಚಿಕ್ಕಪ್ಪ ಮಗುವಿನ ಹಣೆ ಮುಟ್ಟಿ ನೋಡಿದ. "ಮೂಗು ಸುರೀತೈತೆ ಅಜ್ಜಿ, ಇದು ನೆಗಡಿ ಜ್ವರ. ಆದ್ರೂ ಹನಿ ಹಾಕ್ಸ್ಕೊಂಡು ಬತ್ತೀವಿ," ಅಂದ. ನರ್ಸಮ್ಮನ ತಂಡ ಅವತ್ತು ಅರಸೀಕೆರೆ ರಸ್ತೆಯ ಆಚೆ, ತೋಟದ ಮನೆಗಳ ಕಡೆ ಇತ್ತು. ಮೂರು ಮೈಲಿ. ಅವತ್ತೇ ಕೊನೆಯ ದಿನ. ಮಧ್ಯಾಹ್ನದ ಹೊತ್ತಿಗೆ ಐಸಿನ ಡಬ್ಬ ವಾಪಸ್ ಹೋಗುತ್ತಿತ್ತು.

ಅಂಗಡಿಗೆ ವಾಪಸ್ ಬಂದು, ಚಪ್ಪಡಿಯ ಮೇಲೆ ನಿಂತು ಅವನು ಸೈಕಲ್ ಹತ್ತಿದ. ಹಿಂದೆ ಕ್ಯಾರಿಯರ್ ಮೇಲೆ ನಾನು, ನನ್ನ ತೊಡೆಯ ಮೇಲೆ ಕಂಬಳಿ ಸುತ್ತಿಕೊಂಡ ರತ್ನ. ಒಂದೇ ಕಾಲು ತುಳಿಯಿತು, ಎಳೆಯಿತು, ತುಳಿಯಿತು. ಕೆರೆ ಏರಿಯ ಹತ್ತಿರ ಏರು ಬಂತು. ಅಲ್ಲಿ ಇಳಿಯದೆ ಗತಿಯಿರಲಿಲ್ಲ. ಇಳಿದ ಮೇಲೆ ಹ್ಯಾಂಡಲ್ ಹಿಡಿಯಲು ಎರಡು ಕೈ ಬೇಕು, ಮೊಣಕಾಲ ಮೇಲೆ ಊರಲು ಒಂದು ಕೈ ಬೇಕು. ಸೈಕಲ್ ಮೇಲೆ ಎದೆಯ ಭಾರ ಹಾಕಿ ಕಾಲನ್ನು ಎಳೆದುಕೊಂಡು ನಡೆದ. ನಾನು ಪಕ್ಕದಲ್ಲಿ ಮಗು ಹೊತ್ತು ನಡೆಯುತ್ತಿದ್ದೆ. ಚಿಕ್ಕಪ್ಪನ ನಡಿಗೆಯನ್ನು ಹುಟ್ಟಿದಾಗಿನಿಂದ ನೋಡಿದವಳು, ನೋಡಿ ನೋಡಿ ಅದು ಕಾಣಿಸದ ಹಾಗಾಗಿತ್ತು. ಆ ದಿನ ಕಾಣಿಸಿತು. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ರತ್ನನ ಕಾಲು ನನ್ನ ಸೊಂಟದ ಎರಡೂ ಕಡೆ ಜೋತಾಡುತ್ತಿತ್ತು. ಅವೆರಡನ್ನೂ ಬಿಗಿಯಾಗಿ ಹಿಡಿದುಕೊಂಡೆ.

ಏರಿಯ ಮೇಲಿನ ಮೈಲಿಗಲ್ಲಿನಿಂದ ಮತ್ತೆ ಹತ್ತಿದೆವು. ತೋಟದ ಮನೆಗಳ ಹತ್ತಿರ ಹೋದಾಗ ಜೀಪು ತಿರುಗಿ ನಿಂತಿತ್ತು. ನರ್ಸಮ್ಮ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತಾಗಿತ್ತು. ಚಿಕ್ಕಪ್ಪ ಸೈಕಲ್ಲನ್ನು ಜೀಪಿಗೇ ಆನಿಸಿ ನಿಲ್ಲಿಸಿದ.

ನರ್ಸಮ್ಮ ರತ್ನನ ಬೆರಳು ನೋಡಿ, "ಈ ಮಗುಗೆ ಹಾಕಿದೆಯಲ್ಲಪ್ಪ," ಅಂದರು.

"ಸುಮಿ, ಹೇಳು," ಅಂದ ಚಿಕ್ಕಪ್ಪ.

ಬೆಳಗಿನಿಂದ ಅದು ಮೂರನೇ ಸಲ. ಮೂರನೇ ಸಲಕ್ಕೆ ಅಳು ಬರಲಿಲ್ಲ. ನೋಟ್‌ಬುಕ್ಕನ್ನೂ ಮುಂದೆ ಹಿಡಿದೆ. ನರ್ಸಮ್ಮ ಓದಿದರು. ಅತ್ತರೋ ಇಲ್ಲವೋ ಅನ್ನುವ ಕಡೆ ಬಂದಾಗ ತುಟಿ ಕಚ್ಚಿಕೊಂಡರು, ನಗು ತಡೆಯುವುದಕ್ಕೋ ಸಿಟ್ಟು ತಡೆಯುವುದಕ್ಕೋ ಗೊತ್ತಾಗಲಿಲ್ಲ.

"ಈ ಏಳು ಜನದಲ್ಲಿ ನಿಜವಾಗಿ ಬಂದು ಹಾಕಿಸಿಕೊಂಡವರು ಯಾರ್ಯಾರು?"

"ನಂಗೆ ಗೊತ್ತಿರೋ ಹಂಗೆ ಇಬ್ರು, ಮೇಡಂ. ಉಳಿದವ್ರನ್ನ ನಾನು ನೋಡಿಲ್ಲ."

ತಡೆದದ್ದು ನಗುವೇ ಆಗಿದ್ದರೆ ಅದು ಈಗ ಹೋಯಿತು. ಅವರ ಹತ್ತಿರ ಎಷ್ಟು ಮಕ್ಕಳಿಗೆ ಹಾಕಿದ್ದು ಅನ್ನುವ ಗೀಟುಗಳಿದ್ದವು, ಹೆಸರುಗಳಿರಲಿಲ್ಲ. ಹೆಸರಿದ್ದದ್ದು ನಮ್ಮ ಆಟದ ಪುಸ್ತಕದಲ್ಲಿ ಮಾತ್ರ. "ಎರಡು ಸಲ ಹಾಕಿದ್ರೆ ಏನೂ ಆಗಲ್ಲ," ಅಂದರು. "ಒಂದು ಸಲಾನೂ ಹಾಕದೇ ಇದ್ರೆ ಕಷ್ಟ." ರತ್ನನಿಗೆ ಅಲ್ಲೇ ಹಾಕಿದರು. ನೆಗಡಿ ಜ್ವರಕ್ಕೆ ತೊಂದರೆಯಿಲ್ಲ ಅಂದರು. ನನ್ನ ಮಸಿಯ ಮೇಲೆ ಅವರ ಮಸಿ ಬಿತ್ತು. ಆಮೇಲೆ ಜೀಪು ನಮ್ಮೂರಿಗೇ ತಿರುಗಿತು. ಉಳಿದ ಆರು ಮಕ್ಕಳ ಮನೆಗೂ ನಾನೇ ಮುಂದೆ ಹೋಗಿ, ಪ್ರತಿ ಬಾಗಿಲಲ್ಲೂ ನಾನು ಮಾಡಿದ್ದೇನು ಅಂತ ನಾನೇ ಹೇಳಬೇಕಾಯಿತು. ಕೇಳಿ ನೋಡಿದರೆ ಅವರಲ್ಲಿ ಇನ್ನೂ ಒಬ್ಬ ಹುಡುಗ ಅಂಗನವಾಡಿಗೆ ಹೋಗಿಯೇ ಇರಲಿಲ್ಲ. ಬೆರಳು ನೋಡಿ ಅವನ ಮನೆಯವರೂ ಅಣ್ಣ ಕರೆದುಕೊಂಡು ಹೋಗಿರಬೇಕು ಅಂದುಕೊಂಡಿದ್ದರು.

ಸಂಜೆ ಅಪ್ಪ ಹುಣಿಸೆ ಬರಲು ಹಿಡಿದರು. ಅದು ನ್ಯಾಯವಾಗಿ ಬರಬೇಕಾದದ್ದು, ಬಂತು. ರತ್ನನ ಜ್ವರ ಮಾರನೇ ದಿನ ಇಳಿಯಿತು. ಗುರುವಾರ ಬೆಳಿಗ್ಗೆ ನಾನು ಎದ್ದವಳೇ ಎದುರು ಮನೆಯ ಬಾಗಿಲಿಗೆ ಓಡಿದೆ. ಅವಳು ಕೋಳಿಯ ಹಿಂದೆ ಓಡುತ್ತಿದ್ದಳು. ಎರಡು ಕಾಲಲ್ಲೂ.

ಆದರೆ ಕೆಂಚಜ್ಜಿ ಆಮೇಲೆ ಅವಳನ್ನು ನಮ್ಮ ಜಗಲಿಯಲ್ಲಿ ಬಿಡಲಿಲ್ಲ. ಹೊಲಕ್ಕೇ ಕಂಕುಳಲ್ಲಿ ಎತ್ತಿಕೊಂಡು ಹೋಗುತ್ತಿದ್ದಳು. ರಾಗಿ ಕೊಯ್ಲು ಮುಗಿಯಿತು, ಸಂಕ್ರಾಂತಿಯ ಎಳ್ಳುಬೆಲ್ಲ ಬೀರಿದ್ದಾಯಿತು, ನಮ್ಮನೆಗೂ ಕೊಟ್ಟಳು, ಮಾತಾಡಲಿಲ್ಲ. ಜನವರಿಯ ಪೋಲಿಯೊ ಭಾನುವಾರ ಬಂತು. ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಅಜ್ಜಿ ಬಂದಳು. ರತ್ನನನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. "ಕಣದಾಗೆ ಕೆಲ್ಸ ಐತೆ," ಅಂದವಳೇ ತಿರುಗಿ ನೋಡದೆ ಹೋದಳು. ನಾನು ಅವರೆಕಾಯಿ ಅಲ್ಲೇ ಚೆಲ್ಲಿ ಅಂಗನವಾಡಿಗೆ ಓಡಿದೆ. ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನಲ್ಲಿ ಮೊದಲನೆಯವಳಾಗಿ ನಿಂತೆ.

ಮೊನ್ನೆ ಅರಸೀಕೆರೆಯಲ್ಲಿ ನನ್ನ ಮಗಳನ್ನು ಶಾಲೆಗೆ ಸೇರಿಸಿದೆ. ಲಸಿಕೆ ಕಾರ್ಡಿನ ಜೆರಾಕ್ಸ್ ಬೇಕು ಅಂದರು. ಕೊಟ್ಟೆ. ಗುಮಾಸ್ತ ಅದನ್ನು ಓದಲೂ ಇಲ್ಲ, ಅರ್ಜಿಗೆ ಪಿನ್ ಹೊಡೆದು ಇಟ್ಟುಕೊಂಡ. ಎಲ್ಲವೂ ಕಾಗದದಲ್ಲಿ ಸರಿಯಾಗಿದೆ. ಬೆರಳು ಹಿಡಿದು ತಿರುಗಿಸಿ ನೋಡುವ ಅಜ್ಜಿಯಿಲ್ಲ, ಎದುರು ಮನೆಯ ಒಂಬತ್ತು ವರ್ಷದ ಹುಡುಗಿಯನ್ನು ನಂಬಿ ಮಗು ಬಿಟ್ಟು ಹೋಗುವವರೂ ಇಲ್ಲ. ನಾನೂ ಬಿಡುವುದಿಲ್ಲ. ಹುರಿದ ಅವರೆಕಾಳು ಈಗ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಸೊಗಡಿಲ್ಲ.

ರತ್ನನನ್ನು ಹಳೇಬೀಡಿನ ಕಡೆ ಕೊಟ್ಟಿದ್ದಾರೆ. ಮದುವೆಯ ಮಾರನೇ ದಿನ ನಾವೆಲ್ಲ ಹುಲಿಕೆರೆಯ ಕೊಳ ನೋಡಲು ಹೋಗಿದ್ದೆವು. ಅವಳು ರೇಷ್ಮೆ ಸೀರೆ ಎತ್ತಿಕಟ್ಟಿ ಅಷ್ಟೂ ಮೆಟ್ಟಿಲು ದಡದಡ ಇಳಿದು, ನೀರು ಮುಟ್ಟಿ, ಅದೇ ಓಟದಲ್ಲಿ ಮೇಲೆ ಬಂದಳು. ಚಿಕ್ಕಪ್ಪ ಮೇಲಿನ ಕಟ್ಟೆಯ ಮೇಲೆ ಕೂತಿದ್ದ. ಅವನು ಇಳಿಯುವ ಹಾಗಿರಲಿಲ್ಲ. ಅವಳು ಹತ್ತುವುದನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹತ್ಸೋಣೇನೇ?" ಅಂದ.

ಅವನು ಹೋಗಿ ನಾಲ್ಕು ವರ್ಷವಾಯಿತು. ತಗಡಿನ ಅಂಗಡಿ ಕಿತ್ತುಹಾಕಿದ್ದಾರೆ. ಮುಂದಿನ ಚಪ್ಪಡಿ ಕಲ್ಲು ಮಾತ್ರ ಹಾಗೇ ಇದೆ, ಅವನು ಕಾಲಿಟ್ಟ ಕಡೆ ಸವೆದು ನುಣುಪಾಗಿದೆ. ಹೋದ ಸಲ ಊರಿಗೆ ಹೋದಾಗ ಮಗಳು ಅದರ ಮೇಲೆ ಹತ್ತಿ ಹತ್ತಿ ಧುಮುಕುತ್ತಿದ್ದಳು. ಈ ಕಲ್ಲು ಇಲ್ಲಿ ಯಾಕಿದೆ ಅಂತ ಕೇಳಿದಳು. ಸೈಕಲ್ ಹತ್ತೋಕೆ ಅಂದೆ. ಸೈಕಲ್ ಹತ್ತೋಕೆ ಕಲ್ಲು ಯಾಕೆ ಅಂದಳು. ಅವಳಿಗೆ ಗೊತ್ತಾಗಲಿಲ್ಲ. ಅವಳ ವಯಸ್ಸಿನ ಯಾರಿಗೂ ಗೊತ್ತಾಗುವುದಿಲ್ಲ. ಆ ಕಲ್ಲು ಬೇಕಾಗುವ ಕಾಲು ಊರಲ್ಲಿ ಇನ್ನೊಂದಿಲ್ಲ.